ಅಮ್ಮನನ್ನು ಬಾಣಂತನಕ್ಕೆ ದುಬೈಗೆ ಕಳಿಸಬೇಕು – ವಿಮಾನದಲ್ಲಿ ಕೊರೋನಾ ಹಿಡಿಯುತ್ತಾ?

ಬದಿಯಡ್ಕದ ತಮ್ಮ – 15 ಜನವರಿ 2022

ಎಲ್ಲರಿಗೂ ನಮಸ್ಕಾರ. ನನ್ನ ಅಕ್ಕ ದುಬೈಯಲ್ಲಿದ್ದಾಳೆ, ಮೊದಲ ಹೆರಿಗೆ. ಫೆಬ್ರವರಿ ಕೊನೆಗೆ ಡೇಟ್ ಕೊಟ್ಟಿದ್ದಾರೆ. ಅವಳ ಅತ್ತೆ ಸೊಂಟ ನೋವಿನಿಂದ ಮಲಗಿದಲ್ಲೇ ಇದ್ದಾರೆ, ಭಾವನಿಗೆ ರಜೆ ಸಿಗಲ್ಲ. ಹಾಗಾಗಿ ಬಾಣಂತನಕ್ಕೆ ಅಮ್ಮನೇ ಹೋಗಬೇಕು. ಅಮ್ಮನಿಗೆ 66 ವರ್ಷ, ಶುಗರ್ ಇದೆ, ಬಿಪಿ ಮಾತ್ರೆಯೂ ಇದೆ. ಕೋವಿಶೀಲ್ಡ್ ಎರಡು ಡೋಸ್ ಆಗಿದೆ, ಎರಡನೆಯದು ಕಳೆದ ಏಪ್ರಿಲ್‌ನಲ್ಲಿ.

ಈಗ ಒಮಿಕ್ರಾನ್ ಎಲ್ಲ ಕಡೆ ಇದೆ. ಚಿಕ್ಕಪ್ಪ ಹೇಳೋದು, ಬಾಗಿಲು ಹಾಕಿದ ವಿಮಾನದಲ್ಲಿ ನೂರೆಂಬತ್ತು ಜನ, ಒಬ್ಬ ಕೆಮ್ಮಿದರೂ ಎಲ್ಲರಿಗೂ ಬರುತ್ತೆ, ಈ ವಯಸ್ಸಿನಲ್ಲಿ ಕಳಿಸಬೇಡ ಅಂತ. ಅಕ್ಕ ಹೇಳೋದು, ವಿಮಾನದಲ್ಲಿ ಫಿಲ್ಟರ್ ಇರುತ್ತೆ, ನಮ್ಮ ಊರಿನ ಬಸ್ಸಿಗಿಂತ ಎಷ್ಟೋ ವಾಸಿ ಅಂತ. ಅಮ್ಮ ಒಬ್ಬರೇ ಹೋಗೋದು, ಮಂಗಳೂರಿಂದ ಸುಮಾರು ಮೂರೂವರೆ ಗಂಟೆ. ತಿಳಿದವರು ದಯವಿಟ್ಟು ಹೇಳಿ. ಟಿಕೆಟ್ ಇನ್ನೂ ಮಾಡಿಲ್ಲ.

ಕುಂಬಳೆ ಶೆಟ್ರು

ಧೈರ್ಯವಾಗಿ ಕಳಿಸಿ ಮಾರಾಯ್ರೆ. ಹೆರಿಗೆ ಕೊರೋನಾಕ್ಕೆ ಕಾಯುತ್ತಾ?

ಮುಳ್ಳೇರಿಯದ ಎಂಜಿನಿಯರ್

ನಾನು ವಿಮಾನಗಳ ರಿಪೇರಿ, ನಿರ್ವಹಣೆ ಕೆಲಸದಲ್ಲಿ ಇರುವವನು. ಗಾಳಿಯ ವಿಷಯ ಮಾತ್ರ ಹೇಳ್ತೇನೆ.

ಒಬ್ಬ ಕೆಮ್ಮಿದರೆ ಇಡೀ ವಿಮಾನಕ್ಕೆ ಹರಡುತ್ತದೆ ಎನ್ನುವುದು ಸರಿಯಲ್ಲ. ಕ್ಯಾಬಿನ್ನಿನ ಗಾಳಿ ತಲೆಯ ಮೇಲಿಂದ ಬಂದು ಕಾಲಿನ ಬುಡದಲ್ಲಿ ಹೊರಗೆ ಹೋಗುತ್ತದೆ. ಮುಂದಿನಿಂದ ಹಿಂದಕ್ಕೆ ಓಡಾಡುವುದು ಕಡಿಮೆ. ಗಂಟೆಗೆ 20ರಿಂದ 30 ಸಲ ಪೂರ್ತಿ ಗಾಳಿ ಬದಲಾಗುತ್ತದೆ, ಅಂದರೆ ಎರಡು ಮೂರು ನಿಮಿಷಕ್ಕೊಮ್ಮೆ. ಬರುವ ಗಾಳಿಯಲ್ಲಿ ಹೆಚ್ಚುಕಡಿಮೆ ಅರ್ಧ ಹೊರಗಿನದ್ದು. ಉಳಿದರ್ಧ ಒಳಗಿನದೇ, ಆದರೆ ಹೆಪಾ ಫಿಲ್ಟರಿನಲ್ಲಿ ಸೋಸಿ ಬಿಡುತ್ತಾರೆ. ಆಪರೇಷನ್ ಥಿಯೇಟರುಗಳಲ್ಲಿ ಹಾಕುವ ಜಾತಿಯ ಫಿಲ್ಟರ್ ಅದು. 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ 99.97 ಶೇಕಡಾ ಹಿಡಿಯುತ್ತದೆ. ನಾನೇ ಬದಲಾಯಿಸುತ್ತೇನೆ. ಹಳೆಯದನ್ನು ತೆಗೆಯುವಾಗ ಬೂದು ಬಣ್ಣಕ್ಕೆ ತಿರುಗಿರುತ್ತದೆ, ಗ್ಲೌಸ್, ಮಾಸ್ಕ್ ಹಾಕಿಯೇ ಮುಟ್ಟುತ್ತೇವೆ.

ಕಾಸರಗೋಡಿನಿಂದ ಮಂಗಳೂರಿಗೆ ಹೋಗುವ ಬಸ್ಸಿನಲ್ಲಿ ಮಳೆಗೆ ಟಾರ್ಪಾಲ್ ಇಳಿಸಿ ಅರವತ್ತು ಜನ ನಿಂತುಕೊಂಡು ಹೋಗುವಾಗ ಇದ್ಯಾವುದೂ ಇಲ್ಲ. ಅದಕ್ಕೆ ಯಾರೂ ಹೆದರುವುದಿಲ್ಲ.

ಪೆರ್ಲ ಮಾಸ್ಟ್ರು

ಎಂಜಿನಿಯರ್ ಹೇಳಿದ ಫಿಲ್ಟರಿನ ಲೆಕ್ಕ ಸರಿ. ಆದರೆ ಫಿಲ್ಟರಿಗೆ ಹೋಗಿ ಮುಟ್ಟುವ ಮೊದಲು ಆ ಗಾಳಿ ಪಕ್ಕದವರ ಮೂಗಿನ ಮುಂದೆ ದಾಟಿಯೇ ಹೋಗಬೇಕಲ್ವಾ? ಫಿಲ್ಟರ್ ಇದ್ದೂ ಹರಡಿದ ಉದಾಹರಣೆಗಳು ಬೇಕಾದಷ್ಟಿವೆ.

2020 ಮಾರ್ಚ್ 1ರಂದು ಲಂಡನ್ನಿನಿಂದ ವಿಯೆಟ್ನಾಮಿನ ಹನೋಯ್‌ಗೆ ಒಂದು ವಿಮಾನ ಹೊರಟಿತು. ಹತ್ತು ಗಂಟೆಯ ಪ್ರಯಾಣ. ಬಿಸಿನೆಸ್ ಕ್ಲಾಸಿನಲ್ಲಿದ್ದ 27 ವರ್ಷದ ಹೆಂಗಸಿಗೆ ಗಂಟಲು ನೋವು, ಕೆಮ್ಮು ಇತ್ತು. ಆಮೇಲೆ ಹುಡುಕಿ ನೋಡಿದರೆ 15 ಜನಕ್ಕೆ ವಿಮಾನದಲ್ಲೇ ಹಿಡಿದಂತೆ ಕಂಡಿತು, ಅದರಲ್ಲಿ 12 ಮಂದಿ ಅದೇ ಬಿಸಿನೆಸ್ ಕ್ಲಾಸಿನವರು. 2003ರಲ್ಲಿ ಸಾರ್ಸ್ ಕಾಲದಲ್ಲಿ ಹಾಂಗ್‌ಕಾಂಗಿನಿಂದ ಬೀಜಿಂಗಿಗೆ ಬರೀ ಮೂರು ಗಂಟೆಯ ವಿಮಾನ. ಒಬ್ಬ ರೋಗಿಯಿಂದ 22 ಜನಕ್ಕೆ ಬಂತು. ಏಳು ಸಾಲು ಮುಂದೆ ಕೂತವರಿಗೂ ಬಂತು. ಮೂರು ಗಂಟೆ ಅಂದರೆ ಹೆಚ್ಚುಕಡಿಮೆ ನಮ್ಮ ಮಂಗಳೂರು–ದುಬೈ.

ಆದ್ದರಿಂದ ಚಿಕ್ಕಪ್ಪನ ಹೆದರಿಕೆ ಸುಮ್ನೆ ಅಲ್ಲ.

ಮುಳ್ಳೇರಿಯದ ಎಂಜಿನಿಯರ್

@ಪೆರ್ಲ ಮಾಸ್ಟ್ರು, ಹನೋಯ್ ವಿಮಾನದಲ್ಲಿ ಮಾಸ್ಕ್ ಕಡ್ಡಾಯ ಇರಲಿಲ್ಲ ಮಾಸ್ಟ್ರೆ. ಈಗ ಇದೆ. ವಿಮಾನ ಕಂಪನಿಗಳ ಅಂತಾರಾಷ್ಟ್ರೀಯ ಸಂಘ ಐಯಾಟಾ 2020ರ ಅಕ್ಟೋಬರಿನಲ್ಲಿ ಕೊಟ್ಟ ಲೆಕ್ಕ ನೋಡಿ: ಆ ವರ್ಷ 120 ಕೋಟಿ ಪ್ರಯಾಣಿಕರು, ವಿಮಾನದಲ್ಲಿ ಹರಡಿದ್ದೆಂದು ವರದಿಯಾದದ್ದು 44 ಪ್ರಕರಣ.

ಪೆರ್ಲ ಮಾಸ್ಟ್ರು

ಆ 44ರ ಲೆಕ್ಕವನ್ನು ನಾನು ಒಪ್ಪುವುದಿಲ್ಲ. 120 ಕೋಟಿ ಜನ ಇಳಿದು ಮನೆಗೆ ಹೋದ ಮೇಲೆ ಅವರನ್ನೆಲ್ಲ ಯಾರು ಟೆಸ್ಟ್ ಮಾಡಿದರು? ಐದು ದಿನ ಬಿಟ್ಟು ಜ್ವರ ಬಂದರೆ ಅದು ವಿಮಾನದಿಂದಲೋ, ಟ್ಯಾಕ್ಸಿಯಿಂದಲೋ, ನೋಡಲು ಬಂದ ನೆಂಟರಿಂದಲೋ ಎಂದು ಹೇಗೆ ಗೊತ್ತಾಗುತ್ತದೆ? ವರದಿಯಾದದ್ದು 44. ಆದದ್ದು ಎಷ್ಟು ಎನ್ನುವುದು ಬೇರೆ ಪ್ರಶ್ನೆ. ಹತ್ತನೇ ಕ್ಲಾಸಿನ ಮಕ್ಕಳಿಗೂ ನಾನು ಇದನ್ನೇ ಹೇಳುತ್ತೇನೆ, ಎಣಿಸದೇ ಇದ್ದದ್ದನ್ನು ಸೊನ್ನೆ ಎಂದು ಬರೆಯಬಾರದು.

ಸರಿಯಾಗಿ ಎಣಿಸಿದ ಕಡೆ ಏನು ಸಿಕ್ಕಿತು ನೋಡಿ. 2020 ಸೆಪ್ಟೆಂಬರಿನಲ್ಲಿ ದುಬೈಯಿಂದ ನ್ಯೂಜಿಲೆಂಡಿಗೆ ಹೋದ ವಿಮಾನದಲ್ಲಿ 86 ಪ್ರಯಾಣಿಕರು. ಅಲ್ಲಿ ಇಳಿದವರನ್ನೆಲ್ಲ ಎರಡು ವಾರ ಬೇರೆ ಇಡುತ್ತಿದ್ದರು, ಮತ್ತೆ ಮತ್ತೆ ಟೆಸ್ಟ್ ಮಾಡುತ್ತಿದ್ದರು. ಏಳು ಜನ ಪಾಸಿಟಿವ್. ವೈರಸ್ಸಿನ ಜೀನ್ ನೋಡಿದರೆ ಏಳೂ ಹೆಚ್ಚುಕಡಿಮೆ ಒಂದೇ. ಕೂತದ್ದು ನಾಲ್ಕು ಸಾಲಿನ ಒಳಗೆ. ಹೆಚ್ಚಿನವರು ಮಾಸ್ಕ್ ಹಾಕಿದ್ದೆವು ಎಂದೇ ಹೇಳಿದ್ದರು. ಹೊರಡುವ ಮುಂಚಿನ ನೆಗೆಟಿವ್ ರಿಪೋರ್ಟೂ ಹೆಚ್ಚಿನವರ ಕೈಯಲ್ಲಿತ್ತು.

ಸೀತಾಂಗೋಳಿ

ಆ ನ್ಯೂಜಿಲೆಂಡ್ ವಿಮಾನ 18 ಗಂಟೆಯದ್ದಲ್ವಾ? ಅದನ್ನೂ ಮೂರೂವರೆ ಗಂಟೆಯನ್ನೂ ಒಂದೇ ತಕ್ಕಡಿಯಲ್ಲಿ ಹಾಕುವುದು ಹೇಗೆ?

ಮುಳ್ಳೇರಿಯದ ಎಂಜಿನಿಯರ್

ಮಾಸ್ಟ್ರು ಹೇಳಿದ ಆ ವಿಮಾನದಲ್ಲಿ ಇನ್ನೊಂದು ಮುಖ್ಯ ವಿಷಯ ಇದೆ. ಅದು ಇಂಧನಕ್ಕೆ ಕೌಲಾಲಂಪುರದಲ್ಲಿ ಇಳಿದಿತ್ತು. ಆಗ ಸುಮಾರು ಅರ್ಧ ಗಂಟೆ ಗಾಳಿಯ ವ್ಯವಸ್ಥೆ ಬಂದ್ ಆಗಿತ್ತು.

ಹಾರುವಾಗ ಎಂಜಿನ್ ಓಡುತ್ತಿರುತ್ತದೆ, ಗಾಳಿ ಬರುತ್ತದೆ. ನೆಲದಲ್ಲಿ ನಿಂತಾಗ ಬಾಲದ ಹತ್ತಿರ ಇರುವ ಚಿಕ್ಕ ಎಂಜಿನ್ ಓಡಿಸಬೇಕು, ಇಲ್ಲವೇ ಹೊರಗಿನಿಂದ ಪೈಪ್ ಹಾಕಿ ಗಾಳಿ ಕೊಡಬೇಕು. ಎರಡೂ ಇಲ್ಲದಿದ್ದರೆ ಒಳಗಿನ ಗಾಳಿ ಅಲ್ಲೇ ನಿಲ್ಲುತ್ತದೆ. 1977ರಲ್ಲಿ ಅಲಾಸ್ಕದಲ್ಲಿ ಎಂಜಿನ್ ಕೆಟ್ಟು ಒಂದು ವಿಮಾನ ಗಂಟೆಗಟ್ಟಲೆ ನಿಂತಿತು, ಗಾಳಿ ಬಂದ್. ಒಳಗೆ 54 ಜನ. ಒಬ್ಬರಿಗೆ ಫ್ಲೂ ಇತ್ತು. ಮೂರು ದಿನದೊಳಗೆ 72 ಶೇಕಡಾ ಜನಕ್ಕೆ ಜ್ವರ, ಕೆಮ್ಮು.

ಹಾಗಾಗಿ ತಮ್ಮಾ, ಹೆದರಬೇಕಾದದ್ದು ಹಾರುವ ಹೊತ್ತಿಗಿಂತ ಜಾಸ್ತಿ ಹತ್ತುವ, ಇಳಿಯುವ ಹೊತ್ತಿಗೆ. ಸೀಟಿನ ಮೇಲೆ ಚಿಕ್ಕ ಗಾಳಿಯ ಮೂತಿ ಇರುತ್ತದೆ. ಅಮ್ಮ ಕೂತ ಕೂಡಲೇ ಅದನ್ನು ಪೂರ್ತಿ ತಿರುಗಿಸಿ ಮುಖದ ಮುಂದೆ ಬರುವ ಹಾಗೆ ಇಡಲಿ. ಚಳಿ ಆದರೆ ಶಾಲು ಹೊದೆಯಲಿ, ಗಾಳಿ ಮುಚ್ಚುವುದು ಬೇಡ.

ಬದಿಯಡ್ಕದ ತಮ್ಮ

ಅಯ್ಯೋ, ಅಮ್ಮ ಕಾರಿನಲ್ಲೇ ಏಸಿ ಮುಚ್ಚಿಸುವವರು! ಇದನ್ನು ಮೊದಲೇ ಹೇಳಿ ಒಪ್ಪಿಸಬೇಕು. ಎಂಜಿನಿಯರ್ ಅಣ್ಣನಿಗೂ ಮಾಸ್ಟ್ರಿಗೂ ಥ್ಯಾಂಕ್ಸ್.

ಮಂಜೇಶ್ವರದ ನರ್ಸ್

ತಮ್ಮಾ, ಮೊದಲು ಬೂಸ್ಟರ್ ವಿಷಯ ನೋಡು. 60 ದಾಟಿ ಬೇರೆ ಕಾಯಿಲೆ ಇರುವವರಿಗೆ ಈ ಜನವರಿ 10ರಿಂದ ಮುನ್ನೆಚ್ಚರಿಕೆ ಡೋಸ್ ಕೊಡಲು ಶುರು ಮಾಡಿದ್ದಾರೆ. ಎರಡನೇ ಡೋಸ್ ಆಗಿ 9 ತಿಂಗಳು, ಅಂದರೆ 39 ವಾರ ಆಗಿರಬೇಕು. ಅಮ್ಮನದ್ದು ಏಪ್ರಿಲ್ ಆದರೆ ಈ ತಿಂಗಳಿನಲ್ಲೇ ಬರುತ್ತದೆ. ಸರ್ಟಿಫಿಕೇಟಿನಲ್ಲಿ ತಾರೀಕು ನೋಡಿ ಅದೇ ದಿನ ಪಿಎಚ್‌ಸಿಗೆ ಕರೆದುಕೊಂಡು ಹೋಗು. ಡೋಸ್ ಆಗಿ ಎರಡು ವಾರ ಬಿಟ್ಟು ಟಿಕೆಟ್ ಮಾಡು. ಫೆಬ್ರವರಿ ಮೊದಲ ಅಥವಾ ಎರಡನೇ ವಾರ ಸರಿಯಾಗುತ್ತದೆ.

ಇನ್ನು ಮಾಸ್ಕ್. ಬಟ್ಟೆ ಮಾಸ್ಕ್ ಸಾಲದು. ಎನ್95 ತಗೋ, ವಾಲ್ವ್ ಇಲ್ಲದ್ದು. ವಾಲ್ವ್ ಇರುವುದರಲ್ಲಿ ಉಸಿರು ಸೋಸದೆ ಹೊರಗೆ ಹೋಗುತ್ತದೆ. ಕಿವಿಗೆ ಹಾಕುವುದಕ್ಕಿಂತ ತಲೆಯ ಹಿಂದೆ ಎರಡು ಬಾರು ಹಾಕುವುದು ಗಟ್ಟಿಯಾಗಿ ಕೂರುತ್ತದೆ. ಹಾಕಿದ ಮೇಲೆ ಮೂಗಿನ ತಂತಿಯನ್ನು ಎರಡು ಕೈಯ ಬೆರಳಿನಿಂದ ಒತ್ತಿ ಕೂರಿಸಬೇಕು. ಅಮ್ಮನಿಗೆ ಕನ್ನಡಕ ಇದ್ದರೆ ಒಂದು ಪರೀಕ್ಷೆ ಮಾಡಿ ನೋಡು: ಉಸಿರು ಬಿಟ್ಟಾಗ ಗಾಜಿನ ಮೇಲೆ ಮಂಜು ಕಟ್ಟಿದರೆ ಮೇಲಿನಿಂದ ಗಾಳಿ ಸೋರುತ್ತಿದೆ ಎಂದರ್ಥ. ತಂತಿ ಇನ್ನೊಮ್ಮೆ ಒತ್ತು. ಹೊರಡುವ ದಿನ ಹೊಸದಾಗಿ ಹಾಕಿದರೆ ಉಸಿರು ಕಟ್ಟುತ್ತದೆ ಅಂತ ಗಲ್ಲಕ್ಕೆ ಇಳಿಸುತ್ತಾರೆ. ಒಂದು ವಾರ ಮೊದಲೇ ಮನೆಯಲ್ಲಿ ದಿನಾ ಸ್ವಲ್ಪ ಹೊತ್ತು ಹಾಕಿಸಿ ಅಭ್ಯಾಸ ಮಾಡಿಸು. ವಾರ್ಡಿನಲ್ಲಿ ನಾನು ಎಷ್ಟೋ ಜನ ಹಿರಿಯರನ್ನು ನೋಡಿದ್ದೇನೆ, ಅಭ್ಯಾಸ ಇದ್ದವರು ಮಾತ್ರ ಮೂಗಿನ ಮೇಲೆ ಉಳಿಸಿಕೊಳ್ಳುತ್ತಾರೆ.

ಗಲ್ಫ್ ಉಪ್ಪಳ

ನಾನು ಈಚೆಗೆ ಊರಿನಿಂದ ವಾಪಸ್ ಬಂದವನು. ವಿಮಾನದ ಒಳಗೆ ಎಲ್ಲ ಶಿಸ್ತಾಗಿತ್ತು. ಕಷ್ಟ ಇರುವುದು ಏರ್‌ಪೋರ್ಟಿನಲ್ಲಿ. ದುಬೈಗೆ ಹೋಗುವವರಿಗೆ 48 ಗಂಟೆಯ ಒಳಗಿನ ಪಿಸಿಆರ್ ಬೇಕು, ಅದರ ಮೇಲೆ ಹೊರಡುವ 6 ಗಂಟೆಯ ಒಳಗೆ ಏರ್‌ಪೋರ್ಟಿನಲ್ಲೇ ರ‍್ಯಾಪಿಡ್ ಪಿಸಿಆರ್. ಯಾವ ಏರ್‌ಪೋರ್ಟ್ ಎಂದು ಹೇಳುವುದಿಲ್ಲ, ಆದರೆ ಆ ಟೆಸ್ಟಿನ ಹಾಲಿನಲ್ಲಿ ಒಂದು ಕಿಟಕಿ ತೆರೆದಿರಲಿಲ್ಲ. ಎಲ್ಲರೂ ಭುಜಕ್ಕೆ ಭುಜ ತಾಗಿಸಿ ನಿಂತು ರಿಪೋರ್ಟಿಗೆ ಕಾಯುತ್ತಿದ್ದರು. ಮೂಗಿಗೆ ಕಡ್ಡಿ ಹಾಕುವಾಗ ಪ್ರತಿಯೊಬ್ಬರೂ ಮಾಸ್ಕ್ ತೆಗೆದು ಸೀನುತ್ತಾರೆ! ಪಾಸಿಟಿವ್ ಇದ್ದವನೂ ಅದೇ ಲೈನಿನಲ್ಲಿ ಇರುತ್ತಾನಲ್ವಾ?

ಅಲ್ಲಿ ಕಾಯುವಾಗ ಸಾಧ್ಯವಾದಷ್ಟು ಹೊರಗೆ, ಬಾಗಿಲಿನ ಹತ್ತಿರ ಇರಲಿ. ವೀಲ್‌ಚೇರ್ ಬುಕ್ ಮಾಡಿ. ನಡೆಯಲು ಆಗದವರಿಗೆ ಮಾತ್ರ ಅಂತ ನಾಚಿಕೊಳ್ಳಬೇಡಿ. ಶುಗರ್ ಇರುವ ಹೆಂಗಸು ಮೂರು ನಾಲ್ಕು ಕಡೆ ಲೈನಿನಲ್ಲಿ ನಿಲ್ಲುವುದು ತಪ್ಪುತ್ತದೆ.

ನೀರ್ಚಾಲು ಅತ್ತಿಗೆ

ವೀಲ್‌ಚೇರಿನವರನ್ನು ಎಲ್ಲರಿಗಿಂತ ಮೊದಲು ಹತ್ತಿಸಿ ಕೊನೆಗೆ ಇಳಿಸುತ್ತಾರೆ. ಅಂದರೆ ಆ ನಿಂತ ವಿಮಾನದಲ್ಲಿ ಅಮ್ಮ ಜಾಸ್ತಿ ಹೊತ್ತು ಕೂರಬೇಕು. ಎಂಜಿನಿಯರ್ ಹೇಳಿದ್ದಕ್ಕೆ ಇದು ಉಲ್ಟಾ ಆಗಲಿಲ್ವಾ?

ಮಂಜೇಶ್ವರದ ನರ್ಸ್

ಅತ್ತಿಗೆ ಹೇಳಿದ್ದು ಹೌದು. ಆದರೂ ವೀಲ್‌ಚೇರೇ ಒಳ್ಳೆಯದು ಎಂದು ನನ್ನ ಅಭಿಪ್ರಾಯ. ಇಮಿಗ್ರೇಷನ್ ಲೈನಿನಲ್ಲಿ ಮುಂದೆ ಹಿಂದೆ ಜನರ ನಡುವೆ ನಿಲ್ಲುವುದಕ್ಕಿಂತ ಕಿಟಕಿ ಸೀಟಿನಲ್ಲಿ ಮಾಸ್ಕ್ ಹಾಕಿ ಕೂರುವುದು ವಾಸಿ. ಕಿಟಕಿ ಸೀಟೇ ತಗೊಳ್ಳಿ. ಓಡಾಡುವವರು ತಾಗುವುದಿಲ್ಲ. ನಡುವಿನ ದಾರಿಯ ಪಕ್ಕ ಕೂತರೆ ಬ್ಯಾಗ್ ಇಡುವವರು, ಟಾಯ್ಲೆಟ್ಟಿಗೆ ಹೋಗುವವರು ಎಲ್ಲ ಮೈಮೇಲೆಯೇ ಬಗ್ಗುತ್ತಾರೆ.

ಕುಂಬಳೆ ಶೆಟ್ರು

ಶುಗರಿನವರಿಗೆ ಪದೇ ಪದೇ ಟಾಯ್ಲೆಟ್ಟಿಗೆ ಹೋಗಬೇಕಾಗುತ್ತದೆ ಸಿಸ್ಟರ್. ಕಿಟಕಿ ಸೀಟಾದರೆ ಪ್ರತಿ ಸಲ ಇಬ್ಬರನ್ನು ಎಬ್ಬಿಸಬೇಕು.

ಮಂಜೇಶ್ವರದ ನರ್ಸ್

ಅದೂ ಸರಿ. ಹತ್ತುವ ಮೊದಲೇ ಏರ್‌ಪೋರ್ಟಿನಲ್ಲಿ ಹೋಗಿ ಬರಲಿ. ನೀರು ಕುಡಿಯದೇ ಕೂರುವುದು ಮಾತ್ರ ಬೇಡ, ಕ್ಯಾಬಿನ್ನಿನ ಗಾಳಿ ತುಂಬ ಒಣ ಇರುತ್ತದೆ.

ಊಟದ ವಿಷಯ ಯಾರೂ ಹೇಳಲಿಲ್ಲ. ಎಲ್ಲರೂ ಒಟ್ಟಿಗೆ ಮಾಸ್ಕ್ ತೆಗೆಯುವುದು ಆಗಲೇ. ಪಕ್ಕದವರು ತಿನ್ನುವಾಗ ಅಮ್ಮ ಮಾಸ್ಕ್ ಹಾಕಿಯೇ ಇರಲಿ. ಅವರು ತಿಂದು ಮುಗಿಸಿ ಮಾಸ್ಕ್ ಹಾಕಿದ ಮೇಲೆ ಇವರು ಬೇಗ ತಿಂದು ಮುಗಿಸಲಿ. ಮಾತ್ರೆ ತಗೊಂಡು ಪೂರ್ತಿ ಹಸಿದು ಕೂತರೆ ಶುಗರ್ ಇಳಿದು ಬೆವರು, ನಡುಕ ಬರುತ್ತದೆ. ಅದು ಕೊರೋನಾಕ್ಕಿಂತ ಬೇಗ ತೊಂದರೆ ಕೊಡುತ್ತದೆ. ಕೈಚೀಲದಲ್ಲಿ ಬಿಸ್ಕತ್ತು, ಎರಡು ಮೂರು ಚಾಕಲೇಟು ಇರಲಿ. ಮಾತ್ರೆ ಎಲ್ಲ ಕೈಚೀಲದಲ್ಲೇ, ಡಾಕ್ಟರ ಚೀಟಿ ಜೊತೆ.

ನೀರ್ಚಾಲು ಅತ್ತಿಗೆ

ಸಾಮಾನಿನ ಮಾತು ಬಂತಲ್ಲ, ಒಂದು ಹೇಳಲೇಬೇಕು. ಬಾಣಂತಿಗೆ ಲೇಹ್ಯ, ಎಣ್ಣೆ, ಒಣಶುಂಠಿ, ಕಾಳುಮೆಣಸು ಎಲ್ಲ ಕಟ್ಟಿ ಕೊಡುತ್ತೀರಿ. ಗಸಗಸೆ ಮಾತ್ರ ಒಂದು ಕಾಳೂ ಹಾಕಬೇಡಿ. ಯುಎಇಯಲ್ಲಿ ಅದು ಮಾದಕ ವಸ್ತುವಿನ ಲೆಕ್ಕ, ಜೈಲಿಗೆ ಹಾಕುತ್ತಾರೆ. ಮಸಾಲೆ ಪುಡಿಯಲ್ಲಿ ಸೇರಿಸಿದ್ದರೂ ತೆಗೆಯಿರಿ. ಅಮ್ಮನ ಹತ್ತಿರ ಕೂತು ಒಂದೊಂದೇ ಪೊಟ್ಟಣ ಬಿಚ್ಚಿ ನೋಡಿ.

ಬದಿಯಡ್ಕದ ತಮ್ಮ

ಅತ್ತಿಗೆ, ನಿಮಗೆ ಎಷ್ಟು ಹೇಳಿದರೂ ಸಾಲದು. ಅಮ್ಮ ಪಾಯಸಕ್ಕೆ ಅಂತ ಗಸಗಸೆ ಆರಿಸಿ ಇಟ್ಟಿದ್ದರು. ಈಗಲೇ ತೆಗೆಸಿದೆ.

ಕಾಞಂಗಾಡಿನ ಕನ್ನಡಿಗ

ಕಣ್ಣೂರು ಏರ್‌ಪೋರ್ಟ್ ಯಾಕೆ ಬೇಡ? ನಾನು ಅಲ್ಲಿಂದಲೇ ಹೋಗುವುದು. ಕೇರಳ–ಕರ್ನಾಟಕ ಗಡಿ ದಾಟುವ ತಲೆಬಿಸಿಯೇ ಇಲ್ಲ.

ಸೀತಾಂಗೋಳಿ

ಬದಿಯಡ್ಕದಿಂದ ಕಣ್ಣೂರಿಗೆ ಎಷ್ಟು ದೂರ ಮಾರಾಯ್ರೆ! ಅಮ್ಮನಿಗೆ ಕನ್ನಡ, ತುಳು ಬಿಟ್ಟು ಏನೂ ಬರದಿದ್ದರೆ ಮಂಗಳೂರೇ ಸರಿ. ಸಹಾಯ ಕೇಳಲು ಬಾಯಿ ಬರಬೇಕಲ್ವಾ? ನಮ್ಮ ಕಡೆಯ ಒಂದು ಕಚೇರಿಯಿಂದ ಕ್ವಾರಂಟೈನ್ ನಿಯಮದ ಕಾಗದ ಬಂದದ್ದು ಬರೀ ಮಲಯಾಳದಲ್ಲಿ. ನನ್ನ ಅಜ್ಜಿಗೆ ನಾನು ಕೂತು ಓದಿ ಹೇಳಬೇಕಾಯಿತು. ಕಾಯಿಲೆಯ ವಿಷಯವನ್ನಾದರೂ ಜನರಿಗೆ ತಿಳಿಯುವ ಭಾಷೆಯಲ್ಲಿ ಕೊಡಬೇಕು.

ಕಾಞಂಗಾಡಿನ ಕನ್ನಡಿಗ

ಅದು ಸತ್ಯ. ಆದರೆ ಮಂಗಳೂರು ಮಂಗಳೂರು ಎನ್ನುವವರು 2020 ಮಾರ್ಚ್ ಮರೆತರಾ? ಗಡಿಯ ತಲಪಾಡಿಯಲ್ಲಿ ರಸ್ತೆ ಬಂದ್. ಒಳದಾರಿಗಳಿಗೆ ಲಾರಿಯಲ್ಲಿ ಮಣ್ಣು ತಂದು ಸುರಿದರು. ಆಂಬುಲೆನ್ಸ್ ಬಿಡಲಿಲ್ಲ. ಮಂಗಳೂರಿನ ಆಸ್ಪತ್ರೆಗೆ ತಲುಪಲಾಗದೆ ಎಷ್ಟು ಜನ ದಾರಿಯಲ್ಲೇ ಹೋದರು. ಹೈಕೋರ್ಟಿಗೆ ಹೋಗಬೇಕಾಯಿತು.

ಕುಂಬಳೆ ಶೆಟ್ರು

ಮರೆಯುವುದು ಹೇಗೆ? ನಮ್ಮ ಪಕ್ಕದ ಮನೆಯವರಿಗೆ ಡಯಾಲಿಸಿಸ್ ಮಂಗಳೂರಿನಲ್ಲೇ ಆಗುತ್ತಿತ್ತು. ಆ ದಿನಗಳಲ್ಲಿ ಅವರ ಮಗ ಪಟ್ಟ ಪಾಡು ನೋಡಲಾಗುತ್ತಿರಲಿಲ್ಲ. ಆದರೆ ಆಗ ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ದೊಡ್ಡ ಆಸ್ಪತ್ರೆ ಮಾಡದೇ ಇದ್ದವರು ಯಾರು ಎಂದೂ ಕೇಳಬೇಕು. ಚೆಮ್ಮನಾಡಿನ ಟಾಟಾ ಕೋವಿಡ್ ಆಸ್ಪತ್ರೆ ಬಂದದ್ದು ಇದೆಲ್ಲ ಆದ ಮೇಲೆ.

ಗಲ್ಫ್ ಉಪ್ಪಳ

ಆ ಮಾರ್ಚಿನ ಮಾತು ಎತ್ತಿದ್ದಕ್ಕೆ ಹೇಳುತ್ತೇನೆ. ದೇಶದ ಮೂರನೇ ಕೇಸು 2020 ಫೆಬ್ರವರಿ 3ಕ್ಕೆ ನಮ್ಮ ಜಿಲ್ಲೆಯಲ್ಲೇ ಸಿಕ್ಕಿತ್ತು, ವುಹಾನಿನಿಂದ ಬಂದ ವಿದ್ಯಾರ್ಥಿ. ಗುಣವೂ ಆಯಿತು. ಮಾರ್ಚಿನಲ್ಲಿ ದುಬೈಯ ನಾಯಿಫಿನಿಂದ ಬಂದವರಲ್ಲಿ ಕೇಸು ಜಾಸ್ತಿಯಾದಾಗ ಊರಿಡೀ ನಮ್ಮನ್ನು ಬೈದರು. ನನಗೆ ಟೆಸ್ಟ್ ನೆಗೆಟಿವ್ ಇತ್ತು. ಆದರೂ ಮನೆಗೆ ಹಾಲು ಕೊಡುವವನು ಗೇಟಿನ ಹತ್ತಿರವೂ ಬರಲಿಲ್ಲ. ನನ್ನ ಮಗಳ ಹೆಸರು ಹಿಡಿದು ವಾಟ್ಸ್ಆ್ಯಪಿನಲ್ಲಿ ಸುಳ್ಳು ಆಡಿಯೋ ಹರಡಿದರು. ನಾಯಿಫಿನಲ್ಲಿ ಒಂದು ಕೋಣೆಯಲ್ಲಿ ಎಂಟು ಹತ್ತು ಜನ ಮಲಗುತ್ತಾರೆ. ಕಾಯಿಲೆ ಅಲ್ಲಿ ಹರಡದೆ ಇನ್ನೆಲ್ಲಿ ಹರಡುತ್ತದೆ? ಆ ಕೋಣೆಯಿಂದ ಬಂದ ಹಣದಲ್ಲಿ ಇಲ್ಲಿ ಮನೆಗಳು ಎದ್ದವು. ವಿಮಾನ ಹತ್ತಿ ಬಂದವನೇ ಕಾಯಿಲೆ ತಂದ ಎನ್ನುವ ಮಾತು ಇವತ್ತಿಗೂ ನನಗೆ ಕೇಳಲಾಗುವುದಿಲ್ಲ.

ಪೆರ್ಲ ಮಾಸ್ಟ್ರು

ಉಪ್ಪಳದವರು ಹೇಳಿದ್ದಕ್ಕೆ ನನ್ನ ಪೂರ್ತಿ ಸಹಮತ. ಆ ಆಡಿಯೋ ನನಗೂ ಬಂದಿತ್ತು, ಕಳಿಸಿದವನಿಗೆ ಫೋನ್ ಮಾಡಿ ಬೈದಿದ್ದೆ.

ತಮ್ಮನ ಪ್ರಶ್ನೆಗೆ ವಾಪಸ್ ಬರೋಣ. ಹೋಗಲೇಬಾರದು ಎಂದು ನಾನು ಹೇಳುತ್ತಿಲ್ಲ. ಅಪಾಯ ಇಲ್ಲವೇ ಇಲ್ಲ ಎನ್ನುವುದಕ್ಕೆ ಮಾತ್ರ ನನ್ನ ವಿರೋಧ. ಎಂಜಿನಿಯರ್ ಹೇಳಿದ ಅದೇ ಐಯಾಟಾದ ವೈದ್ಯ ಸಲಹೆಗಾರರೇ ಕಳೆದ ತಿಂಗಳು ಹೇಳಿದ್ದಾರೆ, ಒಮಿಕ್ರಾನ್ ಬಂದ ಮೇಲೆ ವಿಮಾನದಲ್ಲಿ ಹಿಡಿಯುವ ಸಾಧ್ಯತೆ ಎರಡು ಮೂರು ಪಟ್ಟು ಆಗಿದೆ ಎಂದು. ನೆಗೆಟಿವ್ ರಿಪೋರ್ಟನ್ನೂ ಪೂರ್ತಿ ನಂಬಬೇಡಿ. ಕಳೆದ ಏಪ್ರಿಲ್‌ನಲ್ಲಿ ದೆಹಲಿಯಿಂದ ಹಾಂಗ್‌ಕಾಂಗಿಗೆ ಹೋದ ಒಂದೇ ವಿಮಾನದಲ್ಲಿ 50ಕ್ಕಿಂತ ಹೆಚ್ಚು ಪಾಸಿಟಿವ್. ಅವರೆಲ್ಲ ನೆಗೆಟಿವ್ ರಿಪೋರ್ಟ್ ತೋರಿಸಿಯೇ ಹತ್ತಿದ್ದರು.

ಮುಳ್ಳೇರಿಯದ ಎಂಜಿನಿಯರ್

ಇದಕ್ಕೆ ನನ್ನ ತಕರಾರಿಲ್ಲ ಮಾಸ್ಟ್ರೆ. ಅಲ್ಲಿ ಕೆಲವರಿಗೆ ಹತ್ತುವ ಮೊದಲೇ ಹಿಡಿದಿರಬಹುದು, ಕೆಲವರಿಗೆ ಕ್ವಾರಂಟೈನ್ ಹೋಟೆಲಿನಲ್ಲಿ. ಆದರೆ ಪಕ್ಕದ ಸೀಟಿನವನಿಗೆ ಇದೆ ಎಂದುಕೊಂಡೇ ಕೂರಬೇಕು, ಅಷ್ಟು ಒಪ್ಪುತ್ತೇನೆ.

ಮಂಜೇಶ್ವರದ ನರ್ಸ್

ತಮ್ಮಾ, ಅಮ್ಮ ತಲುಪಿದ ಮೇಲೆ ಏನು ಅಂತ ಯೋಚನೆ ಮಾಡಿದ್ದೀಯಾ? ಹೋಗುವುದು ತುಂಬು ಗರ್ಭಿಣಿಯ ಮನೆಗೆ. ದುಬೈಯಲ್ಲಿ ಇಳಿದಾಗ ಮತ್ತೊಂದು ಟೆಸ್ಟ್ ಮಾಡುತ್ತಾರೆ, ಆದರೆ ದಾರಿಯಲ್ಲಿ ಹಿಡಿದದ್ದು ಆ ಹೊತ್ತಿಗೆ ಟೆಸ್ಟಿನಲ್ಲಿ ಕಾಣುವುದಿಲ್ಲ. ಐದಾರು ದಿನ ಅಮ್ಮ ಬೇರೆ ಕೋಣೆಯಲ್ಲಿ ಮಲಗಲಿ, ಅಕ್ಕನ ಹತ್ತಿರ ಇರುವಾಗ ಇಬ್ಬರೂ ಮಾಸ್ಕ್ ಹಾಕಲಿ, ಕಿಟಕಿ ತೆಗೆದಿಡಲಿ. ಕೊನೆಗೆ ಇನ್ನೊಂದು ಟೆಸ್ಟ್. ಅದಕ್ಕೇ ಡೇಟಿಗಿಂತ ಕಡಿಮೆ ಅಂದರೆ ಎರಡು ವಾರ ಮೊದಲು ತಲುಪಬೇಕು ಎನ್ನುವುದು. ಅಕ್ಕನಿಗೆ ವ್ಯಾಕ್ಸಿನ್ ಆಗಿದೆಯಾ?

ಬದಿಯಡ್ಕದ ತಮ್ಮ

ಆಗಿದೆ ಸಿಸ್ಟರ್, ಎರಡೂ. ಬೇರೆ ಕೋಣೆಯ ವಿಷಯ ನಮಗೆ ಹೊಳೆದಿರಲೇ ಇಲ್ಲ. ಭಾವನಿಗೆ ಈಗಲೇ ಫೋನ್ ಮಾಡುತ್ತೇನೆ. ಅಮ್ಮನ ಸರ್ಟಿಫಿಕೇಟ್ ನೋಡಿದೆ, ಮುನ್ನೆಚ್ಚರಿಕೆ ಡೋಸ್ ಮುಂದಿನ ವಾರಕ್ಕೆ ಸಿಗುತ್ತದೆ. ಮಂಗಳೂರಿಂದಲೇ, ಫೆಬ್ರವರಿ ಎರಡನೇ ವಾರಕ್ಕೆ ಟಿಕೆಟ್ ನೋಡುತ್ತೇನೆ, ಕಿಟಕಿ ಸೀಟು, ವೀಲ್‌ಚೇರ್. ಚಿಕ್ಕಪ್ಪನಿಗೆ ಇದನ್ನೆಲ್ಲ ಓದಿ ಹೇಳಿದೆ. ಅವರು ಇನ್ನೂ ಒಪ್ಪಿಲ್ಲ, ಆದರೆ ಏರ್‌ಪೋರ್ಟಿಗೆ ಕಾರು ತಾನೇ ಓಡಿಸುತ್ತೇನೆ ಎಂದಿದ್ದಾರೆ.

ಗಲ್ಫ್ ಉಪ್ಪಳ

ತಲಪಾಡಿಯಲ್ಲಿ ಆರ್‌ಟಿಪಿಸಿಆರ್ ಕೇಳುತ್ತಾರೆ, ಕಾರು ಓಡಿಸುವವರದ್ದೂ ಮಾಡಿಸಿ ಇಟ್ಟುಕೊಳ್ಳಿ. ಅಮ್ಮನಿಗೆ 48 ಗಂಟೆಯದ್ದೇ ಸಾಕು, ಅಲ್ಲಿ 72 ಗಂಟೆಯವರೆಗೆ ನಡೆಯುತ್ತದೆ. ದುಬೈಗೆ ರಿಪೋರ್ಟಿನಲ್ಲಿ ಕ್ಯೂಆರ್ ಕೋಡ್ ಇರಬೇಕು, ಲ್ಯಾಬಿನಲ್ಲಿ ಮೊದಲೇ ಕೇಳಿ. ಮೊಬೈಲಿನಲ್ಲಿ ಬೇಡ, ಎರಡೆರಡು ಪ್ರಿಂಟ್ ತೆಗೆಯಿರಿ.

ಅಡೂರಿನ ಅಡಿಕೆ ಕೃಷಿಕ

ಇಲ್ಲೇ ಕೇಳುತ್ತೇನೆ, ಕ್ಷಮಿಸಿ. ಅಪ್ಪನನ್ನು ಕಣ್ಣಿನ ಆಪರೇಷನ್ನಿಗೆ ಬೆಂಗಳೂರಿಗೆ ಕರೆದುಕೊಂಡು ಹೋಗಬೇಕು. ಮಂಗಳೂರಿಂದ ವಿಮಾನವಾ, ಅಥವಾ ಕಾಸರಗೋಡಿನಿಂದ ಕಣ್ಣೂರು–ಬೆಂಗಳೂರು ರೈಲಾ? ಯಾವುದರಲ್ಲಿ ಅಪಾಯ ಕಡಿಮೆ?

ಮುಳ್ಳೇರಿಯದ ಎಂಜಿನಿಯರ್

ವಿಮಾನ ಆದರೆ ಹಾರುವುದು ಒಂದೇ ಗಂಟೆ. ರೈಲಾದರೆ ರಾತ್ರಿಯಿಡೀ, ಮಲಗಿದಾಗ ಯಾರ ಮಾಸ್ಕೂ ಮೂಗಿನ ಮೇಲೆ ಇರುವುದಿಲ್ಲ. ರೈಲೇ ಆಗಬೇಕೆಂದರೆ ಏಸಿ ಬೇಡ, ಸ್ಲೀಪರ್ ತಗೊಳ್ಳಿ, ಕಿಟಕಿ ಎತ್ತಿಡಿ.

ನೀರ್ಚಾಲು ಅತ್ತಿಗೆ

ಸಕಲೇಶಪುರ ಘಾಟಿಯಲ್ಲಿ ಜನವರಿ ಚಳಿಗೆ ಕಿಟಕಿ ಎತ್ತಿಟ್ಟರೆ ಅಪ್ಪನಿಗೆ ಬೇರೆ ಕೆಮ್ಮು ಶುರುವಾಗುತ್ತದೆ. ಕಿವಿಗೆ ಮಫ್ಲರ್, ಎರಡು ಕಂಬಳಿ ತಗೊಂಡು ಹೋಗಿ. ಅಪ್ಪನಿಗೆ ವ್ಯಾಕ್ಸಿನ್ ಎಷ್ಟು ಆಗಿದೆ?